ನಾಲ್ಕನೇ ಮಹಡಿಯವರು ಚೆನ್ನಾಗಿದ್ದಾರೆ

"ಕೈ ಊರಬೇಡ ಅಂದೆನಲ್ಲ, ಕಿವಿ ಕೇಳಲ್ವಾ ಮುದುಕಿ? ಕೈ ಎದೆ ಮೇಲೆ ಕಟ್ಕೊಂಡು ಏಳು. ಐದು ಸಲ."

ನನ್ನದೇ ಮನೆಯಲ್ಲಿ, ನನ್ನದೇ ಕುರ್ಚಿಯಲ್ಲಿ, ಎಪ್ಪತ್ತನಾಲ್ಕು ವರ್ಷದ ನನ್ನಿಂದ ಬಸ್ಕಿ ಹೊಡೆಸುತ್ತಿದ್ದವನು ವಸತಿ ಇಲಾಖೆಯ ಇನ್ಸ್‌ಪೆಕ್ಟರು. ವಯಸ್ಸಾದ ಬಡವರಿಗೆಂದು ಸರ್ಕಾರ ಕಟ್ಟಿಸಿದ ಕಟ್ಟಡ ನಮ್ಮದು. ನಮ್ಮ ಮಹಡಿಯವರೆಲ್ಲ ಸರದಿಗೆ ಕಾಯುತ್ತಾ ವರಾಂಡದಿಂದ ನನ್ನನ್ನೇ ನೋಡುತ್ತಿದ್ದರು. ಕೈ ಊರದೆ ಐದು ಸಲ ಏಳಲಾರದವರು ಒಂಟಿಯಾಗಿರಲು ಲಾಯಕ್ಕಿಲ್ಲವಂತೆ. ಅವರನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸಾಗಿಸಿ, ಮನೆಯನ್ನು ಬೇರೆಯವರಿಗೆ ಕೊಡುತ್ತಾರಂತೆ.

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ನು ತುಳಿದ ಮಂಡಿ ಮೂರನೇ ಸಲಕ್ಕೇ ಲಟಕ್ಕೆಂದಿತು. ಎಲ್ಲರನ್ನೂ ಬಿಟ್ಟು ಮೊದಲು ನನ್ನನ್ನೇ ಯಾಕೆ ಹಿಡಿದಿರಿ ಎಂದು ಕೇಳಿದೆ. ಅವನು ಕಾಗದ ತೆಗೆದು ಓದಿದ.

"ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದಾರೆ. ಎರಡನೇ ಸಲ ಎರಡು ಗಂಟೆ ಏಳಕ್ಕಾಗಿಲ್ಲ. ಬಟ್ಟೆಯಲ್ಲೇ ಉಚ್ಚೆ ಮಾಡ್ಕೊಂಡಿದ್ದಾರೆ."

ಹೊರಗೆ ಯಾರೋ ಕೆಮ್ಮಿದರು. ನಾಚಿಕೆಯಿಂದ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹೆತ್ತ ಮಗಳಿಗೂ ಹೇಳದ ಮಾತದು. ಹೇಳಿದ್ದು ನರ್ಸ್ ಹುಡುಗಿಯೊಬ್ಬಳಿಗೇ.

ಅವಳು ಸರ್ಕಾರಿ ಆಸ್ಪತ್ರೆಯಿಂದ ಪ್ರತಿ ಮಂಗಳವಾರ ನಮ್ಮ ಮಹಡಿಗೆ ಬರುತ್ತಿದ್ದಳು. ಬಿಪಿ ನೋಡುವಳು, ವಾರದ ಮಾತ್ರೆ ಡಬ್ಬಿಗೆ ತುಂಬುವಳು, ಪಕ್ಕದ ಮನೆಯ ಡ್ರೈವರಣ್ಣನ ಕಾಲಿನ ಸಕ್ಕರೆ ಕಾಯಿಲೆಯ ಹುಣ್ಣು ತೊಳೆದು ಪಟ್ಟಿ ಕಟ್ಟುವಳು. ನನ್ನ ಕಾಲುಗುರನ್ನು ನೆಲದ ಮೇಲೆ ಕೂತು ಕತ್ತರಿಸುತ್ತಿದ್ದಳು. ಏನಿದ್ದರೂ ನನಗೆ ಹೇಳಿ ಅಜ್ಜಿ, ನಮ್ಮಿಬ್ಬರಲ್ಲೇ ಇರುತ್ತೆ ಅನ್ನುತ್ತಿದ್ದಳು. ನಾನು ಅವಳನ್ನು ಮಗಳೇ ಅಂತಲೇ ಕರೆಯುತ್ತಿದ್ದೆ. ಬಚ್ಚಲಿಗೊಂದು ಹಿಡಿಕಂಬಿ ಹಾಕಿಸಿಕೊಟ್ಟಾಳೆಂದು ಎಲ್ಲ ಹೇಳಿದ್ದೆ. ಕಂಬಿ ಬರಲಿಲ್ಲ, ಇವನು ಬಂದ.

ನಾಲ್ಕನೆಯದೂ ಐದನೆಯದೂ ನಾನು ಎದ್ದದ್ದು ಮಂಡಿಯ ಬಲದಿಂದಲ್ಲ, ಸಿಟ್ಟಿನಿಂದ. ಈ ಸಲ ಬಚಾವಾದೆ, ಮುಂದಿನ ತಿಂಗಳು ನೋಡೋಣ ಎಂದ ಇನ್ಸ್‌ಪೆಕ್ಟರು. ಡ್ರೈವರಣ್ಣ ಹಲ್ಲು ಕಚ್ಚಿ ಮುಗಿಸಿದ. ಎದುರು ಮನೆಯ ಅಕ್ಕ ಮಾತ್ರ ಎರಡಕ್ಕೇ ಕೂತುಬಿಟ್ಟಳು. ಒಲೆ ಆರಿಸುವುದು ಮರೆಯುತ್ತೇನೆ ಎಂದು ಅವಳೂ ಆ ಹುಡುಗಿಗೆ ಹೇಳಿಕೊಂಡಿದ್ದಳಂತೆ. ಶನಿವಾರ ವ್ಯಾನು ಬಂತು. ಹತ್ತಿಸುವಾಗ ನನ್ನ ಕಡೆ ತಿರುಗಿ, "ಒಲೆ ಆರಿಸಿದೀನಾ ಒಂಚೂರು ನೋಡೇ" ಅಂದಳು. ಹೋಗಿ ನೋಡುವಷ್ಟರಲ್ಲಿ ಬಾಗಿಲಿಗೆ ಇಲಾಖೆಯ ಬೀಗ ಬಿದ್ದಿತ್ತು.

"ಆ ಬೋಳಿಮಗನ ಮೇಲೆ ನಂಗೇನೂ ಸಿಟ್ಟಿಲ್ಲ, ಅವನ ಕಸುಬೇ ಅದು," ಅಂದ ಡ್ರೈವರಣ್ಣ. "ಕಾಲು ಮುಟ್ಟಿ ಕೀವು ತೊಳ್ದೋಳು ಹಿಂಗ್ ಮಾಡಿದ್ಲಲ್ಲ."

ಮಂಗಳವಾರ ಅವಳು ಬಂದಳು. ಇಲಾಖೆಯ ಫಾರಂನಲ್ಲಿ ಕೇಳಿದ್ದಕ್ಕೆ ಬರೆದೆ, ಬರೆಯದಿದ್ದರೆ ನನ್ನ ಕೆಲಸ ಹೋಗುತ್ತೆ, ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ ಎಂದೆಲ್ಲ ಹೊಸ್ತಿಲಾಚೆಯೇ ನಿಂತು ಹೇಳಿದಳು. ನಿಜವೇ ಇರಬಹುದು. ಅವಳ ಕಣ್ಣು ತುಂಬಿತ್ತು. ಆದರೂ ಬಿಪಿ ನೋಡಲು ನಾನು ತೋಳು ಚಾಚಲಿಲ್ಲ.

"ಚೆನ್ನಾಗಿದೀನಿ ನರ್ಸಮ್ಮ. ಬಿಪಿನೂ ಇಲ್ಲ, ಏನೂ ಇಲ್ಲ."

ಡ್ರೈವರಣ್ಣ ಬಾಗಿಲಲ್ಲಿ ಬೂಟು ಹಾಕಿಕೊಂಡು ನಿಂತಿದ್ದ. ವಾಸನೆ ನನ್ನ ಬಾಗಿಲವರೆಗೂ ಬರುತ್ತಿತ್ತು. ಬೂಟು ಬಿಚ್ಚಿ ತಾತ, ಹೀಗೇ ಬಿಟ್ಟರೆ ಕಾಲೇ ತೆಗೆಯಬೇಕಾಗುತ್ತೆ ಎಂದು ಅವಳು ಅಂಗಲಾಚಿದಳು.

"ಹುಣ್ಣಾ? ಯಾವ ಹುಣ್ಣು? ಗುಂಡುಕಲ್ಲಿನ ಹಾಗಿದೀನಿ, ನೋಡ್ಕೋ."

ಗೋಡೆ ಹಿಡಿಯದೆ ವರಾಂಡದ ಕೊನೆವರೆಗೂ ಹೋಗಿ ವಾಪಸು ಬಂದ. ಅವನ ಎಡಬೂಟು ಇಟ್ಟಲ್ಲೆಲ್ಲ ನೆಲದ ಮೇಲೆ ಕೀವಿನ ಹಳದಿ ಒದ್ದೆ ಉಳಿಯಿತು. ಅವಳಿನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. ಅವಳು ನೆಲ ನೋಡುವ ಮೊದಲೇ ನಾನು ಹೊರಗೆ ಬಂದು ಅವಳ ಹತ್ತಿರದ ಕಲೆಯ ಮೇಲೆ ನಿಂತೆ. ಆಚೆ ಬಾಗಿಲಿನ ಮುದುಕ ಬಂದು ಇನ್ನೊಂದರ ಮೇಲೆ ನಿಂತ. ಉಳಿದವರೂ ಒಬ್ಬೊಬ್ಬರಾಗಿ ಬಂದು ನಿಂತರು. ಅವಳು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋಗುವವರೆಗೂ ಯಾರೂ ಕದಲಲಿಲ್ಲ. ನನ್ನ ಬರಿಗಾಲಿಗೆ ಅದು ಅಂಟಿತ್ತು.