ಒಂದು ಕುರ್ಚಿಯ ಅಂತರ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆ ಸಿಟ್ಟಿಗಿಂತ ಮುಂದೆ ನನ್ನ ಕುತೂಹಲ ಇರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಯಾರ ಮನೆಗೆ ಹೋದರೂ ಡಬ್ಬಿಯಲ್ಲಿ ಏನಿದೆ, ಗಡಿಯಾರ ಎಷ್ಟು ನಿಮಿಷ ಹಿಂದಿದೆ, ಸೊಸೆ ಯಾಕೆ ಹೊರಗೆ ಬರಲಿಲ್ಲ ಎಂದು ನನ್ನ ಕಣ್ಣು ತಾನಾಗಿಯೇ ಹುಡುಕುತ್ತದೆ. ಭಾಲ್ಕಿಯಲ್ಲಿ ಚಿಕ್ಕವಳಿದ್ದಾಗ ಇದಕ್ಕೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ೨೦೦೫ರಲ್ಲಿ ಹೈದರಾಬಾದಿನಲ್ಲಿ ಇದಕ್ಕೇ ಸಂಬಳ ಕೊಡುವವರು ಸಿಕ್ಕರು.

ಕೊಂಡಾಪುರದ ಗಾಜಿನ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ನಮ್ಮ ಕಚೇರಿ. ಕೆಳಗಿನ ಮೂರೂ ಮಹಡಿಗಳಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡ ಸಾಫ್ಟ್‌ವೇರಿನವರು. ಲಿಫ್ಟಿನಲ್ಲಿ ಅವರು ಅಮೆರಿಕದ ಬ್ಯಾಂಕುಗಳ ಮಾತಾಡುತ್ತಿದ್ದರೆ ನಾವು ತಕ್ಕಡಿ, ಕೊಡ, ಕುರ್ಚಿಗಳ ಮಾತಾಡುತ್ತಿದ್ದೆವು. ಕಾರ್ಖಾನೆ ಕೆಲಸಗಾರರು ಎರಡು ದೇಶಗಳಲ್ಲಿ ಹೇಗೆ ಬದುಕುತ್ತಾರೆ ಎಂದು ಹೋಲಿಸಿ ನೋಡುವುದು ನಮ್ಮ ಕೆಲಸ. ಒಂದು ದೇಶ ಫಿನ್ಲೆಂಡ್, ಇನ್ನೊಂದು ನಮ್ಮದು. ಎರಡೂ ಕಡೆ ಅವೇ ನಲವತ್ತು ಪ್ರಶ್ನೆ, ಮನೆಯಲ್ಲಿ ಕುರ್ಚಿ ಎಷ್ಟು ಎಂಬುದೂ ಅದರಲ್ಲಿ ಒಂದು. ಅಲ್ಲಿ ತಾಂಪೆರೆ ಎಂಬ ಊರಿನಲ್ಲಿ ಹಿಲ್ಕಾ ಎಂಬಾಕೆ ಮನೆಮನೆಗೆ ಹೋಗಿ ಕೇಳುತ್ತಿದ್ದಳು, ಇಲ್ಲಿ ಪಟಾನ್‌ಚೆರುವಿನಲ್ಲಿ ನಾನು. ನನಗೆ ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತಿದ್ದುದರಿಂದ ಈ ಕೆಲಸ ಸಿಕ್ಕಿತ್ತು. ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವುದೆಂದು ಮಾತಾಗಿತ್ತು. ಆರನೇ ತಿಂಗಳು ನಡೆಯುತ್ತಿತ್ತು.

ನನಗೆ ಕೊಟ್ಟದ್ದು ಬಸ್ ನಿಲ್ದಾಣದ ಹಿಂದಿನ ಒಂದು ಗಲ್ಲಿ. ಹನ್ನೊಂದು ಸಾಲುಮನೆ, ಎಲ್ಲರೂ ಬೀದರ್, ಕಲಬುರಗಿ ಕಡೆಯವರು, ಔಷಧ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುವವರು. ಪ್ರತಿ ಮನೆಗೂ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ನಿಯಮದಂತೆ ಒಂದು ದಿನ ಮೊದಲೇ ಚೀಟಿ ಕೊಟ್ಟು, ನಾಳೆ ಇಷ್ಟು ಗಂಟೆಗೆ ಬರುತ್ತೇನೆಂದು ತಿಳಿಸಿ ಹೋಗಬೇಕು. ಹಾಗೆಯೇ ಹೋದೆ.

ಮೊದಲ ಮನೆ ಶಿವಶರಣಪ್ಪ, ಉಮಾಬಾಯಿ ದಂಪತಿಗಳದು. ಆರು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ನನ್ನನ್ನು ಕೂರಿಸಿ, ಮಂಡಕ್ಕಿಯ ಸೂಸಲ ಕೊಟ್ಟು, ಮೇಲೆ ಚಹಾ ಕೊಟ್ಟರು. ಏನು ಕೇಳಿದರೂ ಐತ್ರಿ, ಆರಾಮ ಐತ್ರಿ. ನಮ್ಮ ಕಡೆಯ ಮನೆಗಳಲ್ಲಿ ಅಕ್ಕಿ ತೀರಿದರೂ ತೀರಿತು ಅನ್ನುವುದಿಲ್ಲ, ಹೆಚ್ಚಾಗೇತಿ ಅನ್ನುತ್ತಾರೆ. ಅದೇ ಕಡೆಯವಳಾದ ನಾನು ಅದನ್ನು ಮರೆತು ಎಲ್ಲವನ್ನೂ ಬರೆದುಕೊಂಡೆ. ಶಿವಶರಣಪ್ಪನವರು ಎರಡನೇ ಪಾಳಿಗೆ ಹೊರಟಿದ್ದರು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಮೂವತ್ತೊಂದನೇ ಪ್ರಶ್ನೆ ಕೇಳಿದೆ: ಗಾಯವಾಗಿಯೋ ಜಡ್ಡಾಗಿಯೋ ಒಂದು ತಿಂಗಳು ಕೆಲಸಕ್ಕೆ ಹೋಗದಿದ್ದರೆ ಪಗಾರ ಎಷ್ಟು ಬರುತ್ತದೆ, ಪೂರ್ತಿಯೋ, ಅರ್ಧವೋ, ಏನೂ ಇಲ್ಲವೋ? ಅವರು ಪೂರ್ತಿ ಬರತೈತ್ರಿ ಎಂದು ಹೇಳಿ ಬಸ್ಸಿಗೆ ಓಡಿದರು. ನಾನು ಪೂರ್ತಿ ಎಂದು ಗುರುತು ಹಾಕಿ, ಕುರ್ಚಿಗಳ ಫೋಟೋ ತೆಗೆದುಕೊಂಡು ಬಂದೆ.

ಹನ್ನೊಂದೂ ಮನೆಗಳಲ್ಲಿ ಆರಾರು ಕುರ್ಚಿ. ನನಗೆ ಆಶ್ಚರ್ಯ, ಅದಕ್ಕಿಂತ ಹೆಚ್ಚು ಸಂತೋಷ. ಹಿಲ್ಕಾ ಕಳಿಸಿದ ಪಟ್ಟಿಯಲ್ಲಿ ತಾಂಪೆರೆಯ ಮನೆಗಳಿಗೆ ಸರಾಸರಿ ಏಳು ಕುರ್ಚಿ ಇದ್ದವು. ಕುಳಿತುಕೊಳ್ಳುವ ವಿಷಯದಲ್ಲಿ ಎರಡು ದೇಶಗಳ ನಡುವೆ ಒಂದೇ ಕುರ್ಚಿಯ ಅಂತರ ಎಂದು ವರದಿಯಲ್ಲಿ ಬರೆದೆ. ಬರೆದು ನಾನೇ ಎರಡು ಸಲ ಓದಿಕೊಂಡೆ. ಅರ್ಥಶಾಸ್ತ್ರದಲ್ಲಿ ನಲವತ್ತೆಂಟು ಅಂಕ ತೆಗೆದವಳಿಗೆ ಅಷ್ಟು ಜಂಬ ಬರಬಾರದಿತ್ತು.

ಸೋಮವಾರ ಹಿಲ್ಕಾಳ ಮೇಲ್ ಬಂತು. ಅವಳೂ ನನ್ನ ಹಾಗೇ ಕೆದಕುವ ಜಾತಿ. ಫೋಟೋಗಳನ್ನು ಒಂದೊಂದಾಗಿ ನೋಡಿದ್ದಳು. ನಿಮ್ಮಲ್ಲಿ ಪ್ರತಿ ಮನೆಯವರೂ ಒಂದು ಕುರ್ಚಿಯ ಎಡಗೈಗೆ ನೀಲಿ ವೈರು ಸುತ್ತಿದ್ದಾರಲ್ಲ, ಅದು ದೇವರ ಸಂಬಂಧದ ಪದ್ಧತಿಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಳು. ಅದೇ ಮೇಲ್ ನಮ್ಮ ಮುಖ್ಯಸ್ಥ ಮಹೇಶಕುಮಾರರಿಗೂ ಹೋಗಿತ್ತು.

ಮಹೇಶಕುಮಾರ್ ಮೈಸೂರಿನವರು, ದನಿ ಏರಿಸುವವರಲ್ಲ. ಹನ್ನೊಂದು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಹನ್ನೊಂದರಲ್ಲೂ ಅದೇ ಮುರಿದ ಕೈ, ಅದೇ ನೀಲಿ ವೈರು, ಅದೇ ಗಂಟು. ಹಿಂದೊಮ್ಮೆ ನನ್ನಂತೆ ಮನೆಮನೆ ಕೇಳಲು ಹೊರಟವನೊಬ್ಬ ಇರಾನಿ ಹೋಟೆಲಿನಲ್ಲಿ ಕುಳಿತೇ ಅರವತ್ತು ಮನೆಗಳ ಫಾರಂ ತುಂಬಿದ್ದನಂತೆ, ಅವನನ್ನು ಮನೆಗೆ ಕಳಿಸಿದ್ದರಂತೆ. ನನ್ನ ಕಡೆ ನೋಡಿ ಹೇಳಿದರು.

“ನೀವು ಒಂದೇ ಮನೆಗೆ ಹೋಗಿದ್ದೀರಿ, ಮಧುರಾ. ಶನಿವಾರ ನಾನೇ ಬಂದು ನೋಡ್ತೀನಿ. ನೀವು ಬರೆದದ್ದು ಸುಳ್ಳು ಅಂತಾದರೆ ಸೋಮವಾರದಿಂದ ಬರೋದು ಬೇಡ.”

ನನಗೆ ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು. ಹನ್ನೊಂದು ಮನೆಗಳ ಚಹಾ ಕುಡಿದು ಹೊಟ್ಟೆ ಕೆಡಿಸಿಕೊಂಡವಳು ನಾನು, ಒಂದೇ ಮನೆಗೆ ಹೋಗಿದ್ದೆ ಅನ್ನುತ್ತಾರಲ್ಲ. ಮರುದಿನ ಚೀಟಿ ಗೀಟಿ ಏನೂ ಕೊಡದೆ ನೇರ ಉಮಾಬಾಯಿಯ ಮನೆಗೆ ನುಗ್ಗಿದೆ. ಒಳಗೆ ಒಂದು ಚಾಪೆ, ಒಂದು ಟ್ರಂಕು, ಗೂಟಕ್ಕೆ ಶಿವಶರಣಪ್ಪನವರ ಅಂಗಿ. ಕುರ್ಚಿಯ ಸುಳಿವೇ ಇರಲಿಲ್ಲ. ಕುರ್ಚಿ ಎಲ್ಲಿ ಎಂದು ಕೇಳಿದೆ. ಉಮಾಬಾಯಿ ನಾಚಲೂ ಇಲ್ಲ, ಹೆದರಲೂ ಇಲ್ಲ. ಇದೇ ಗಲ್ಲಿಯ ಹಣಮಂತರಾಯನ ಮಗಳನ್ನು ನೋಡಲು ಬೀಗರು ಬಂದಿದ್ದಾರೆ, ಕುರ್ಚಿ ಅಲ್ಲಿಗೆ ಹೋಗಿವೆ ಎಂದರು.

ಕೇಳುತ್ತಾ ಹೋದಂತೆ ತಿಳಿಯಿತು. ಗಲ್ಲಿಯ ಯಾವ ಮನೆಗೆ ಯಾರೇ ಬರಲಿ, ಆರೂ ಕುರ್ಚಿಗಳು ಹಿಂಬಾಗಿಲಿನಿಂದ ಅಲ್ಲಿಗೆ ಹೋಗುತ್ತವೆ. ನಾನು ಒಂದು ಮನೆಯಲ್ಲಿ ನಲವತ್ತು ಪ್ರಶ್ನೆ ಮುಗಿಸಿ, ನಮಸ್ಕಾರ ಹೇಳಿ, ಚಪ್ಪಲಿ ಮೆಟ್ಟಿ ಮುಂಬಾಗಿಲಿನಿಂದ ಇಳಿಯುವಷ್ಟರಲ್ಲಿ ಅವು ಮುಂದಿನ ಮನೆಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಅಸಲಿಗೆ ಅವು ಯಾರವು ಎಂದರೆ ಅದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಎರಡು ಯಾರದೋ ಮದುವೆಗೆ ಉಡುಗೊರೆ ಬಂದವು, ಒಂದು ಮನೆ ಖಾಲಿ ಮಾಡಿದವರು ಬಿಟ್ಟುಹೋದದ್ದು, ಮಿಕ್ಕವು ಮೊದಲಿನಿಂದಲೂ ಇದ್ದವು.

ನೀವು ಹೀಗೆ ಮಾಡಿದ್ದಕ್ಕೆ ನನ್ನ ನೌಕರಿ ಹೋಗುತ್ತದೆ ಎಂದು ಹೇಳಿದೆ. ಆಗ ಉಮಾಬಾಯಿಯ ಮುಖ ಸಣ್ಣದಾಯಿತು.

“ಮನಿಗೆ ಬಂದಾಕಿನ್ನ ನೆಲದ ಮ್ಯಾಲ ಕೂಡಸಬೇಕಿತ್ತೇನ ತಂಗಿ? ನೀ ಕುರ್ಚಿ ಎಣಸಾಕ ಬಂದೀಯಂತ ನಮಗೇನ ಗೊತ್ತು. ನೀ ಕೂಡಾಕ ಬಂದೀ ಅಂತ ತಿಳದಿದ್ವಿ.”

ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಶನಿವಾರ ಸಾಹೇಬರು ಬಂದಾಗ ಒಂದೇ ಒಂದು ಕುರ್ಚಿಯನ್ನೂ ತರಕೂಡದು, ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು ಎಂದು ಕೈ ಹಿಡಿದು ಮಾತು ತೆಗೆದುಕೊಂಡೆ.

ಹಿಲ್ಕಾಳಿಗೆ ನಡೆದದ್ದೆಲ್ಲ ಬರೆದೆ. ನಿಮ್ಮಲ್ಲಿ ಹತ್ತು ಜನ ಬಂದರೆ ಕುರ್ಚಿ ಎಲ್ಲಿಂದ ತರುತ್ತೀರಿ ಎಂದೂ ಕೇಳಿದೆ, ನನ್ನ ಸ್ವಂತ ಕುತೂಹಲಕ್ಕೆ. ಅವಳು ಪಾಪ, ತನ್ನ ನಲವತ್ತು ಮನೆಗಳಿಗೂ ಫೋನು ಮಾಡಿ ಗುರುವಾರ ಉತ್ತರ ಕಳಿಸಿದಳು. ಇಪ್ಪತ್ತಾರು ಮನೆಯವರು, ಹತ್ತು ಜನ ಬರುವುದೇ ಇಲ್ಲ ಎಂದಿದ್ದರಂತೆ. ಕೊನೆಯಲ್ಲಿ ತನ್ನ ತಂದೆಯ ವಿಷಯ ಬರೆದಿದ್ದಳು. ಅವರು ಕಾಗದದ ಕಾರ್ಖಾನೆಯಲ್ಲಿದ್ದರು, ಬೆನ್ನಿಗೆ ಪೆಟ್ಟಾಗಿ ಏಳು ತಿಂಗಳು ಮನೆಯಲ್ಲೇ ಇದ್ದರು. ಪ್ರತಿ ತಿಂಗಳೂ ಹಣ ಬರುತ್ತಿತ್ತು. ಮನೆಯಲ್ಲಿ ಎಂಟು ಕುರ್ಚಿಗಳಿದ್ದವು, ಬಂದು ಕುಳಿತವರು ಇಬ್ಬರು.

ಈ ಉತ್ತರವನ್ನು ಅಂದೇ ಗಲ್ಲಿಗೆ ಒಯ್ದು ಗಂಡ ಹೆಂಡತಿ ಇಬ್ಬರಿಗೂ ಓದಿ ಹೇಳಿದೆ. ಉಮಾಬಾಯಿ ಕುರ್ಚಿಗಳಿಗೆ ಮರುಗಿದರು, ಉಳಿದ ಆರನ್ನು ಯಾರಿಗಾದರೂ ಕೊಡಬಾರದಿತ್ತೇ ಎಂದರು. ಶಿವಶರಣಪ್ಪನವರು ಕುರ್ಚಿಯ ಮಾತೇ ಎತ್ತಲಿಲ್ಲ. ಆ ಮನುಷ್ಯನಿಗೆ ಏಳು ತಿಂಗಳೂ ಪಗಾರ ಬಂತೇ ಎಂದು ಕೇಳಿದರು. ಯಾರು ಕೊಟ್ಟರು, ಕಾರ್ಖಾನೆಯೋ ಸರ್ಕಾರವೋ? ಕೇಳದೇ ಕೊಟ್ಟರೋ, ಕೈಕಾಲು ಹಿಡಿದ ಮೇಲೋ? ಅವನು ವಾಪಸು ಹೋದಾಗ ಅವನ ಜಾಗ ಇತ್ತೋ ಇಲ್ಲವೋ? ನನಗೆ ತಿಳಿದಷ್ಟು ಹೇಳಿದೆ. ಅವರು ಬೆರಳಿನ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡರು.

ಶನಿವಾರ ಬೆಳಿಗ್ಗೆ ಮಹೇಶಕುಮಾರ್ ಬಂದರು. ದಪ್ಪ ಮೈ, ಮೊಣಕಾಲಿನ ನೋವು ಬೇರೆ. ಉಮಾಬಾಯಿ ಮಾತು ಉಳಿಸಿಕೊಂಡಿದ್ದರು. ಒಳಗೆ ಬರೀ ಚಾಪೆ. ನನಗೆ ಜೀವ ಬಂದಂತಾಯಿತು. ಆದರೆ ಸಾಹೇಬರು ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ ಕೊಟ್ಟು, ಹಲ್ಲು ಕಚ್ಚಿ ಬಗ್ಗತೊಡಗಿದರು. ಅದನ್ನು ನೋಡಲು ಉಮಾಬಾಯಿಗೆ ಆಗಲಿಲ್ಲ. ಹಿಂದಿನ ಬಾಗಿಲಿಗೆ ಹೋಗಿ ವಿಠಲಾ ಎಂದು ಒಂದೇ ಒಂದು ಸಲ ಕೂಗಿದರು. ಆಚೆ ಮನೆಯ ವಿಠಲ, ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು, ಲುಂಗಿಯಲ್ಲೇ ಒಂದು ಕುರ್ಚಿ ತಂದಿಟ್ಟು ಹೋದ. ಎಡಗೈಗೆ ನೀಲಿ ವೈರು ಸುತ್ತಿದ ಕುರ್ಚಿ.

ಮಹೇಶಕುಮಾರ್ ಆ ವೈರನ್ನು ನೋಡಿದರು, ನನ್ನನ್ನು ನೋಡಿದರು, ಕುಳಿತರು. ನಾನು ಈ ಒಂದೇ ಮನೆಗೆ ಬಂದಿದ್ದೆ ಎನ್ನಲು ಇದೇ ಸಾಕ್ಷಿಯಾಯಿತು, ನನ್ನ ನೌಕರಿ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಂದಿನ ಮನೆ ಗುಂಡಮ್ಮನದು. ಗಂಡನಿಲ್ಲದವಳು, ರೊಟ್ಟಿ ಬಡಿದು ಮಾರುವವಳು. ನಾವು ಹೊಸ್ತಿಲು ದಾಟುವಾಗಲೇ ಹಿಂದಿನ ಬಾಗಿಲಿನಲ್ಲಿ ವಿಠಲ ಕಾಣಿಸಿದ, ತಲೆಯ ಮೇಲೆ ಅದೇ ಕುರ್ಚಿ. ಸಾಹೇಬರನ್ನು ಕಂಡು, ಕುರ್ಚಿ ಹೊತ್ತುಕೊಂಡೇ ನಮಸ್ಕಾರ ಮಾಡಿದ. ಮಹೇಶಕುಮಾರ್ ಅದರಲ್ಲಿ ಕುಳಿತು ಎದ್ದು, ಈಗ ಕೊನೆಯ ಮನೆಗೆ ಹೋಗೋಣ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಹೊರಗೆ ಬಂದವರೇ ಗಕ್ಕನೆ ಮೂರನೇ ಮನೆಗೆ ಹೊಕ್ಕರು. ಅಲ್ಲಿ ಬರೀ ನೆಲ. ಮನೆಯಾಕೆ ಕಂಗಾಲಾಗಿ ಹಿಂದಕ್ಕೆ ಓಡಿದಳು. ಸ್ವಲ್ಪ ಹೊತ್ತಿಗೆ ಗಲ್ಲಿಯ ಆ ತುದಿಯಿಂದ ವಿಠಲ ಏದುಸಿರು ಬಿಡುತ್ತಾ ಕುರ್ಚಿ ಹೊತ್ತು ವಾಪಸು ಬಂದ. ಮುಖ ಮಾತ್ರ ಸಾಹೇಬರಿಗೆ ತೊಂದರೆಯಾಯಿತಲ್ಲ ಎಂಬಂತಿತ್ತು.

ಐದಾರು ತಿಂಗಳಿಂದ ಒಂದೇ ಕಟ್ಟಡದಲ್ಲಿದ್ದರೂ ಮಹೇಶಕುಮಾರ್ ನಗುವುದನ್ನು ನಾನು ಅಂದೇ ನೋಡಿದ್ದು. ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಡೆ ತಿರುಗಿ, ನಾನು ಅಂದದ್ದು ತಪ್ಪಾಯಿತು, ಸೋಮವಾರ ಕಾಯಂ ಕಾಗದ ತೆಗೆದುಕೊಳ್ಳಿ, ಹನ್ನೊಂದೂ ಫಾರಂ ಮಾತ್ರ ಹೊಸದಾಗಿ ತುಂಬಬೇಕು ಎಂದರು. ನನಗೆ ಕುಣಿಯಬೇಕೆನ್ನಿಸಿತು. ವಿಠಲ ನಿಂತಿದ್ದ ಕಾರಣ ಸುಮ್ಮನಾದೆ.

ಮತ್ತೆ ಮೊದಲ ಮನೆಯಿಂದ ಶುರು ಮಾಡಿದೆವು. ಸಾಹೇಬರು ನೀಲಿ ವೈರಿನ ಕುರ್ಚಿಯಲ್ಲಿ, ನಾನು ಉಮಾಬಾಯಿಯ ಪಕ್ಕ ಚಾಪೆಯಲ್ಲಿ. ಕುರ್ಚಿ ಎಷ್ಟು ಎಂದಾಗ ಉಮಾಬಾಯಿ ಯೋಚಿಸಿ, ಆರನ್ನೂ ಗುಂಡಮ್ಮನ ಹೆಸರಿಗೆ ಬರೆಯಿರಿ, ಒಂಟಿ ಹೆಂಗಸು, ಕಾಗದದ ಮೇಲಾದರೂ ಏನಾದರೂ ಇರಲಿ ಎಂದರು. ಹಾಗೆ ಬರೆಯಲು ಬರುವುದಿಲ್ಲ ಎಂದು ಹೇಳಿ, ಇಡೀ ಗಲ್ಲಿಗೆ ಆರು ಎಂದು ಅಂಚಿನಲ್ಲಿ ಬರೆದುಕೊಂಡೆ. ಹೀಗೇ ನಗುತ್ತಾ ಮೂವತ್ತು ಪ್ರಶ್ನೆ ಮುಗಿಸಿದೆವು.

ಮೂವತ್ತೊಂದನೆಯದನ್ನು ಮಹೇಶಕುಮಾರರೇ ಓದಿದರು. ಹಳೆಯ ಫಾರಂ ನೋಡಿ, ಪೂರ್ತಿ ಬರುತ್ತದೆ ಅಂದಿದ್ದೀರಿ, ಹಾಗೇ ಇಡಲೇ ಎಂದು ಕೇಳಿದರು. ಎರಡನೇ ಪಾಳಿಗೆ ಹೊರಟಿದ್ದ ಶಿವಶರಣಪ್ಪನವರು ಬಾಗಿಲಿನಲ್ಲಿ ನಿಂತರು. ಬೆರಳಿನ ಬಟ್ಟೆ ಇನ್ನೂ ಇತ್ತು, ಈಗ ಅದು ಹಳದಿಯಾಗಿತ್ತು. ಅವರು ಉತ್ತರ ಕೊಡುವ ಮೊದಲೇ ನನಗೆ ನಾಚಿಕೆಯಾಯಿತು. ಡಬ್ಬಿಯಲ್ಲಿ ಏನಿದೆ ಎಂದು ನೋಡುವ ನನ್ನ ಕಣ್ಣಿಗೆ ಪಗಾರ ಪೂರ್ತಿ ಬರುವ ಮನುಷ್ಯ ಆ ಕೈ ಇಟ್ಟುಕೊಂಡು ಬಸ್ಸಿಗೆ ಯಾಕೆ ಓಡುತ್ತಾನೆ ಎಂಬುದು ಕಂಡಿರಲಿಲ್ಲ. ನಾನು ಅವತ್ತು ಕುರ್ಚಿಯ ಫೋಟೋ ತೆಗೆಯುತ್ತಿದ್ದೆ.

“ಕುರ್ಚಿ ಬೇಕಂದ್ರ ಮಗ್ಗಲ ಮನಿಗೆ ಹೋಗ್ತೀವ್ರಿ, ಸಾಹೇಬ್ರ,” ಎಂದರು ಶಿವಶರಣಪ್ಪ. “ಬೆರಳು ಹ್ವಾದ ದಿನ ರಜಾ ಬೇಕಂದ್ರ ಯಾರ ಮನಿಗೆ ಹೋಗೂನು? ಅದು ಈ ಗಲ್ಲ್ಯಾಗ ಯಾರ ಮನ್ಯಾಗೂ ಇಲ್ಲ.”

ಇಲ್ಲ ಎಂಬ ಮಾತನ್ನು ಆ ಮನೆಯಲ್ಲಿ ನಾನು ಅಂದೇ ಮೊದಲು ಕೇಳಿದ್ದು. ಉಮಾಬಾಯಿ ತಡೆಯಲಿಲ್ಲ. ನಾನು ಪೂರ್ತಿ ಎಂಬುದನ್ನು ಹೊಡೆದುಹಾಕಿ, ಏನೂ ಇಲ್ಲ ಎಂಬ ಕೊನೆಯ ಚೌಕದಲ್ಲಿ ಗುರುತು ಹಾಕಿದೆ. ಬಸ್ಸಿನ ಹಾರ್ನ್ ಕೇಳಿಸಿತು. ಶಿವಶರಣಪ್ಪನವರು ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಓಡಿದರು.