ಮರಿಲಿಂಗನಿಗೆ ತೊಡಿಸಿದ ಕಬ್ಬಿಣ

ಆಟದಲ್ಲೂ ನನ್ನ ತಮ್ಮ ಮರಿಲಿಂಗ ಬರಿಮೈಯಲ್ಲೇ ತಿರುಗುತ್ತಿದ್ದ. ಕಂಪ್ಯೂಟರಿನೊಳಗಿನ ಆ ಹಾಳು ಕೋಟೆಯಲ್ಲಿ ಉಳಿದವರೆಲ್ಲ ತಲೆಯಿಂದ ಕಾಲಿನವರೆಗೆ ಕಬ್ಬಿಣ ಹೊದ್ದು ನಿಂತಿರುತ್ತಿದ್ದರು. ಇವನು ಕಟ್ಟಿ ಬೆಳೆಸಿದ ಬಂಟನಿಗೆ ಮಾತ್ರ ಸೊಂಟಕ್ಕೊಂದು ತುಂಡು ಬಟ್ಟೆ, ಕೈಗೊಂದು ಉದ್ದನೆಯ ಭರ್ಚಿ. ಕಾಲಿಗೆ ಏನೂ ಇಲ್ಲ. ಬಂಟನ ಹೆಸರೂ ಮರಿಲಿಂಗ ಎಂದೇ ಇತ್ತು.

ಶತ್ರುಗಳನ್ನು ಕೊಂದಷ್ಟೂ ಆ ಆಟದಲ್ಲಿ ಅಂಕ ಸಿಗುತ್ತವೆ. ಅವನ್ನು ಬಲಕ್ಕೆ ಹಾಕುತ್ತೀರೋ, ಮಂತ್ರಕ್ಕೆ ಹಾಕುತ್ತೀರೋ ನಿಮ್ಮಿಷ್ಟ. ಮರಿಲಿಂಗ ಅಷ್ಟನ್ನೂ ದಮ್ಮಿಗೆ ಮತ್ತು ಚುರುಕಿಗೆ ಸುರಿದಿದ್ದ. ಒಂದು ಏಟು ಬಿದ್ದರೆ ಸತ್ತ ಅಂತಲೇ. ಆದ್ದರಿಂದ ಏಟು ಬೀಳುವ ಹೊತ್ತಿಗೆ ಉರುಳಿ ಬೇರೆಲ್ಲೋ ಇರಬೇಕು. ಇದೆಂಥ ಮಂಗ್ಯಾನ ಆಟ ಎಂದು ನಾನು ಬೈದರೆ ನಗುತ್ತಿದ್ದ. "ಅಕ್ಕಾ, ಅರಿವಿ ಕಾಯಂಗಿಲ್ಲ, ಕಾಲು ಕಾಯ್ತಾವ," ಅನ್ನುತ್ತಿದ್ದ.

ನಾನು ಸುಗಲಮ್ಮ, ಸಗರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರ ಮಕ್ಕಳ ಅಂಗಿ ಗುಂಡಿ ಹಾಕಿ, ಸಿಂಬಳ ಒರೆಸಿ ರೂಢಿಯಾದ ಕೈ ಮನೆಯಲ್ಲೂ ಸುಮ್ಮನಿರಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ ಕಡೇಚೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಕೇಳಲು ಮರಿಲಿಂಗ ಬರೀ ಅಂಗಿಯಲ್ಲಿ ಹೊರಟಿದ್ದ. ನಾನೇ ತಡೆದು, ಶಹಾಪುರದ ಪೇಟೆಯಲ್ಲಿ ತಂದಿದ್ದ ದಪ್ಪ ಜರ್ಕಿನ್ ತೊಡಿಸಿ, ಅದರ ಚೈನನ್ನು ಗಂಟಲವರೆಗೆ ಎಳೆದೆ.

"ಅಕ್ಕಾ, ಉಸುರ ಗಟ್ಟತೈತಿ."

"ಸುಮ್ನ ಹೋಗು. ಇವತ್ತರ ಮನಷ್ಯಾರಂಗ ಕಾಣಾಕತ್ತೀದಿ."

ಹಾಗೆಂದು ನಾನು ಶಾಲೆಗೆ ನಡೆದೆ. ಕೆನಾಲಿನ ದಂಡೆಯ ಎರೆಮಣ್ಣಿನಲ್ಲಿ ಅವನ ಬೈಕು ನೀರಿಗೆ ಜಾರಿತು. ಮೇಲಿಂದ ನೀರು ಬಿಟ್ಟು ವಾರವಾಗಿತ್ತು, ಕೆನಾಲು ದಂಡೆ ಮುಟ್ಟಿ ಹರಿಯುತ್ತಿತ್ತು. ಅದೇ ಕೆನಾಲಿನಲ್ಲಿ ಈಜು ಕಲಿತವನು, ಓಣಿಯ ಹುಡುಗರಿಗೆಲ್ಲ ಕಲಿಸಿದವನು. ಕೆನಾಲಿನ ಮುಂದಿನ ಗೇಟಿನ ಹತ್ತಿರ ಹೆಣವಾಗಿ ಸಿಕ್ಕ. ಜರ್ಕಿನ್ನಿನ ಚೈನು ಗಂಟಲವರೆಗೆ ಹಾಗೇ ಇತ್ತು, ಕಾಲಲ್ಲಿ ಹೊಸ ಬೂಟು ಹಾಗೇ ಇತ್ತು. ತಲೆಗೆ ಕಲ್ಲು ಬಡಿದಿರಬೇಕು ಎಂದರು ಜನ. ತಲೆಯ ಮೇಲೆ ಒಂದು ಗೀರೂ ಇರಲಿಲ್ಲ, ನಾನೇ ಸವರಿ ನೋಡಿದ್ದೆ. ಹಾಗಾದರೆ ಅವನನ್ನು ಮುಳುಗಿಸಿದ್ದು ನಾನು ತೊಡಿಸಿದ ಜರ್ಕಿನ್ನೇ? ಈ ಪ್ರಶ್ನೆಯನ್ನು ಒಂದು ವರ್ಷ ಯಾರ ಮುಂದೆಯೂ ಎತ್ತಲಿಲ್ಲ. ಅವ್ವನ ಮುಂದಂತೂ ಇಲ್ಲವೇ ಇಲ್ಲ.

ಅವ್ವ ಲಾಲಮ್ಮ ಗದ್ದೆಗಳಿಗೆ ನಾಟಿ ಹಚ್ಚಲು ಹೋಗುತ್ತಾಳೆ. ಗದ್ದೆಗೆ ಬರುವುದೂ ಅದೇ ಕೆನಾಲಿನ ನೀರು. ಮಗನನ್ನು ನುಂಗಿದ ನೀರಿನಲ್ಲಿ ದಿನವಿಡೀ ಮೊಣಕಾಲು ಮುಳುಗಿಸಿ ನಿಂತು ಬರುತ್ತಾಳೆ, ಬಂದು ಬಚ್ಚಲಲ್ಲಿ ಕಾಲು ಉಜ್ಜಿ ಉಜ್ಜಿ ತೊಳೆಯುತ್ತಾಳೆ. ಅವಳನ್ನು ಏನೆಂದು ಕೇಳಲಿ?

ಮರಿಲಿಂಗ ಬಿಟ್ಟುಹೋದದ್ದು ಯಾದಗಿರಿಯ ನೆಟ್ ಸೆಂಟರೊಂದು ಮುಚ್ಚುವಾಗ ತಂದ ಹಳೆಯ ಕಂಪ್ಯೂಟರು, ಜಾಯ್‌ಸ್ಟಿಕ್ಕು, ಆಟದ ಉಪಾಯಗಳನ್ನು ಬರೆದಿಟ್ಟ ಒಂದು ನೋಟ್‌ಬುಕ್ಕು. ಮತ್ತೆ, ಆ ಕಲೆಗಳು. ಆ ಆಟದಲ್ಲಿ ಬಂಟ ಸತ್ತ ಜಾಗದಲ್ಲಿ ಕೆಂಪು ಕಲೆ ಉಳಿಯುತ್ತದೆ. ಕಲೆಯನ್ನು ಮುಟ್ಟಿದರೆ ಅವನ ನೆರಳೆದ್ದು, ಸಾಯುವ ಮುಂಚಿನ ನಾಲ್ಕು ಉಸಿರನ್ನು ಮತ್ತೊಮ್ಮೆ ಆಡಿ ತೋರಿಸಿ ಕರಗುತ್ತದೆ. ಕೋಟೆಯ ಕೊನೆಯ ಅಂಗಳವನ್ನು ಕಾಯುವ ಕಬ್ಬಿಣದ ದೊರೆಯ ಕೈಯಲ್ಲಿ ಒಳಗೆ ಸತ್ತರೂ ಕಲೆ ಬೀಳುವುದು ಬಾಗಿಲಲ್ಲೇ, ಅಲ್ಲಿ ಅಂಥ ಹತ್ತು ಕಲೆಗಳಿದ್ದವು. ಶಾಲೆಯಿಂದ ಬಂದವಳೇ ಒಂದೊಂದನ್ನೂ ಮುಟ್ಟುತ್ತಿದ್ದೆ. ನೆರಳು ಉರುಳುತ್ತಿತ್ತು, ಭರ್ಚಿ ಎತ್ತುತ್ತಿತ್ತು, ಬೀಳುತ್ತಿತ್ತು. ಆ ಬೆರಳಾಟ ಮರಿಲಿಂಗನದೇ, ಆ ಆತುರವೂ ಅವನದೇ. ಮರುದಿನ ಮತ್ತೆ ಕೂರುತ್ತಿದ್ದೆ.

ನೋಡಿದೆನೇ ಹೊರತು ಒಮ್ಮೆಯೂ ಆಡಲಿಲ್ಲ. ಆಟ ಇಟ್ಟುಕೊಳ್ಳುವುದು ಹತ್ತೇ ಕಲೆಗಳನ್ನು. ನಾನು ಆಡಿ ಸತ್ತರೆ ನನ್ನದೊಂದು ಬಿದ್ದು, ಅವನದೊಂದು ಅಳಿಯುತ್ತದೆ.

ಮಾನವಮಿ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಹಿಡಿದು ಹೊಸ ಬಟ್ಟೆ ಇಡುವ ದಿನ. ಆ ವರ್ಷದ ಹಿರಿಯ, ಇಪ್ಪತ್ತಮೂರು ವರ್ಷದ ಮರಿಲಿಂಗ. ಅವ್ವ ಫೋಟೋದ ಮುಂದೆ ಹೋಳಿಗೆ, ಹೊಸ ಅಂಗಿ, ಪ್ಯಾಂಟು ಇಟ್ಟು ಕೈ ಮುಗಿದಳು. ಮಧ್ಯಾಹ್ನ ನಾನು ಕಂಪ್ಯೂಟರ್ ಹಚ್ಚಿದಾಗ ಬಂದು ಪಕ್ಕದಲ್ಲಿ ಕೂತಳು. ವರ್ಷದಲ್ಲಿ ಅದೇ ಮೊದಲು. ಬಂಟ ದೊರೆಯ ಬಾಗಿಲಲ್ಲಿ ನಿಂತಿದ್ದ. ಸುಮ್ಮನೆ ಬಿಟ್ಟರೆ ಅವನು ಕತ್ತು ಹೊರಳಿಸಿ ಹಿಂದೆ ನೋಡುತ್ತಾನೆ. ಆಗಲೂ ನೋಡಿದ. ಅವ್ವ ಬೆಚ್ಚಿದಳು.

"ಅಲ್ಲೂ ಬರಿಮೈಲೆ ನಿಂತಾನಲ್ಲ ನನ್ನ ಕೂಸು. ಇವತ್ತು ಹೊಸ ಅರಿವಿ ಉಡೂ ದಿನ. ಅವಗೊಂದು ಏನರ ತೊಡಸವಾ."

ಬಂಟನ ಚೀಲದಲ್ಲಿ ಗೆದ್ದು ತಂದ ಕಬ್ಬಿಣದ ಉಡುಪುಗಳು ಬೇಕಾದಷ್ಟಿದ್ದವು, ಒಂದನ್ನೂ ಅವನು ತೊಟ್ಟಿರಲಿಲ್ಲ. ನಾನು ಎದೆಗವಚ ತೊಡಿಸಿದೆ. ಶಿರಸ್ತ್ರಾಣ, ಕೈಗವಸು, ಬೂಟು. ಅವ್ವನ ಮುಖ ಅರಳಿತು.

"ಈಗ ಚಂದ ಕಾಣಾಕತ್ತಾನ ನೋಡು. ಹಬ್ಬದ ದಿನ ಆ ದೊಡ್ಡಾಂವನ ಒಂದ್ಸಲ ಕೆಡವಲಿ."

"ಬ್ಯಾಡ ಬೇ. ನಾ ಸೋತ್ರ ಅವನ ಕಲಿ ಅಳಸಿ ಹೋಗ್ತಾವ."

"ಒಂದ ವರ್ಷ ಅವ ಸಾಯೂದನ್ನ ನೋಡೀದಿ. ಸಾಕಾತಿಲ್ಲೇನು? ಒಂದ್ಸಲ ಬದಕೂದು ತೋರಸು ನನಗ."

ಬಾಗಿಲು ದಾಟಿದೆ.

ಒಳಗಿನ ಅಂಗಳದಲ್ಲಿ ತೊಡೆಮಟ್ಟ ನೀರು. ದೊರೆ ಎತ್ತಿದ ಕೊಡಲಿ ಇಳಿಯುವಷ್ಟರಲ್ಲಿ ಉರುಳುವ ಗುಂಡಿ ಒತ್ತಿದೆ. ಬಂಟ ಉರುಳಲಿಲ್ಲ, ಮಗ್ಗುಲಾಗಿ ಧೊಪ್ಪನೆ ಬಿದ್ದ. ಸತ್ತ. ಒಂದು ಕಲೆ ಹೋಯಿತು. ಮತ್ತೆ ಹೋದೆ, ಮತ್ತೆ ಸತ್ತ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬಂತೆ ದೊರೆ ಹೊಡೆಯುತ್ತಲೇ ಇದ್ದ. ನಾನೋ ಕುಣಿಯಲಾರದವಳು ನೆಲ ಡೊಂಕು ಅಂದಂತೆ ಜಾಯ್‌ಸ್ಟಿಕ್ಕನ್ನು ಬೈಯುತ್ತ, ಹಟಕ್ಕೆ ಬಿದ್ದು ಒಂಬತ್ತು ಕಲೆ ಕಳೆದೆ. ಮರಿಲಿಂಗನದು ಒಂದೇ ಒಂದು ಉಳಿಯಿತು.

ಗಾಬರಿಯಾಗಿ ನೋಟ್‌ಬುಕ್ಕು ತೆರೆದೆ. ದೊರೆಯ ಪುಟದಲ್ಲಿ ಅವನ ಸೊಟ್ಟ ಅಕ್ಷರ: "ಹಿಂದ ಸರಿಬಾರದು. ಎರಡನೇ ಏಟಿಗೆ ಬಲಕ್ಕ ಉರುಳಿ ಅವನ ಕಂಕುಳಾಗ ಹೊಕ್ಕೋಬೇಕು. ಮೈಮ್ಯಾಲ ಭಾರ ಇರಬಾರದು. ಭಾರ ಹೊತ್ತಾಂವ ಬಿದ್ರ ಏಳಂಗಿಲ್ಲ."

ಆ ಕೊನೆಯ ಸಾಲನ್ನು ಹಿಂದೆಯೂ ಓದಿದ್ದೆ, ಹುಡುಗರ ಬಡಾಯಿ ಎಂದುಕೊಂಡಿದ್ದೆ. ಈಗ ಕಣ್ಣ ಮುಂದೆ ಒಂಬತ್ತು ಸಲ ನೋಡಿಯಾಗಿತ್ತು: ನೀರಿನಲ್ಲಿ ಬಿದ್ದ ಬಂಟ ಒಂದು ಮೊಣಕಾಲು ಊರುತ್ತಾನೆ, ಒಂದು ಕೈ ಊರುತ್ತಾನೆ, ಮೈ ಮೇಲೇಳುವುದಿಲ್ಲ. ಕೆನಾಲಿನಲ್ಲಿ ನಡೆದದ್ದೂ ಇದೇ. ಜಾಯ್‌ಸ್ಟಿಕ್ಕು ಕೆಳಗಿಟ್ಟೆ. ತಡೆಯಲಾಗಲಿಲ್ಲ.

"ಯವ್ವಾ, ಆ ಜರ್ಕಿನ್ ಹಾಕ್ಕೋ ಅಂದಾಕಿ ನಾನ. ಉಸುರ ಗಟ್ಟತೈತಿ ಅಂದ, ಆದ್ರೂ ಚೈನ ಏರಿಸಿದೆ. ನಾನ ಮುಳಗಿಸಿದೆ ಅವನ್ನ."

ಅವ್ವ ಅಳಲಿಲ್ಲ, ಬೈಯಲಿಲ್ಲ. ಎದ್ದು ಎಡೆಯ ಮುಂದಿನ ದೀಪಕ್ಕೆ ಎಣ್ಣೆ ಹಾಕಿ ಬಂದು ಕೂತಳು.

"ನೀ ಏರಿಸಿದ್ದು ಅಂವ ಇಳಿಸಿಬಿಟ್ಟಿದ್ದ," ಎಂದಳು ಆಮೇಲೆ. "ನೀ ಸಾಲಿಗೆ ಹೋಗೂದ ತಡ, ಎದಿಮಟ ಇಳಿಸಿದ. ಊರ ಅಗಸಿ ಬಾಗಲತನಕ ಬೆನ್ನ ಹತ್ತಿ ಹೋಗಿ ಮತ್ತ ಏರಿಸಿದಾಕಿ ನಾನು. ಬೂಟಿನ ದಾರ ಬಿಚ್ಚಬಾರದಂತ ಎರಡೆರಡು ಗಂಟ ಹಾಕಿದಾಕೀನೂ ನಾನ."

ನಾನು ಅವಳ ಮುಖ ನೋಡಿದೆ. ಒಂದು ವರ್ಷ ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಇಬ್ಬರೂ ಒಂದೇ ಕಲ್ಲನ್ನು ಬೇರೆ ಬೇರೆಯಾಗಿ ಹೊತ್ತಿದ್ದೆವು. ನನಗೆ ದುಃಖ ಒತ್ತರಿಸಿ ಬಂತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ತಗಿ ಅದನ್ನೆಲ್ಲಾ," ಎಂದಳು ಅವ್ವ.

ಶಿರಸ್ತ್ರಾಣ ತೆಗೆದೆ. ಕೈಗವಸು ತೆಗೆದೆ. ಎದೆಗವಚವನ್ನೂ ತೆಗೆದೆ. ಬೂಟೊಂದು ಉಳಿಯಿತು. ಅವ್ವ ಕೈ ಚಾಚಿದಳು.

"ಬೂಟು ನಾ ತಗೀತೀನಿ. ಗುಂಡಿ ಯಾವುದು ತೋರಸು."

ತೋರಿಸಿದೆ. ಕೆಸರಿನಲ್ಲಿ ಒಡೆದ ಹೆಬ್ಬೆರಳಿನಿಂದ ಅವ್ವ ಮೆಲ್ಲಗೆ ಒತ್ತಿದಳು. ಬಂಟ ಬರಿಗಾಲಲ್ಲಿ ನಿಂತ. ಕತ್ತು ಹೊರಳಿಸಿ ನಮ್ಮ ಕಡೆ ನೋಡಿದ.

ಬಾಗಿಲಲ್ಲಿ ಅವನ ಕೊನೆಯ ಕಲೆ ಕೆಂಪಗೆ ಹೊಳೆಯುತ್ತಿತ್ತು. ಅದನ್ನು ಮುಟ್ಟದೆ ದಾಟಿ ಒಳಗೆ ಹೋದೆ. ದೊರೆಯ ಮೊದಲ ಏಟು ಹುಸಿಯಾಯಿತು. ಎರಡನೆಯದಕ್ಕೆ ಹಿಂದೆ ಸರಿಯದೆ ಬಲಕ್ಕೆ ಉರುಳಿಸಿದೆ. ಬಂಟ ನೀರಿನೊಳಗೆ ಪೂರ್ತಿ ಮುಳುಗಿದ. ಅವ್ವ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಎದ್ದ," ಎಂದಳು. "ಸುಗಲಿ, ಎದ್ದ ನೋಡು."

ದೊರೆಯ ಕಂಕುಳ ಕೆಳಗೆ, ತೊಯ್ದ ಬರಿಮೈಯಲ್ಲಿ, ಮರಿಲಿಂಗ ಭರ್ಚಿ ಹಿಡಿದು ನಿಂತಿದ್ದ.