ಮೂರನೇ ನಂಬರಿನ ಲೆನ್ಸು

ಆ ಲೆನ್ಸನ್ನು ಒಡೆದವಳು ನಾನು. ಆರು ವರ್ಷದ ಹಿಂದೆ, ಬೇಲೂರಿನಲ್ಲಿ ಸೆಕೆಂಡ್ ಪಿಯುಸಿ ಓದುವಾಗ, ಮಧ್ಯಾಹ್ನದ ಬೆಲ್ ಹೊಡೆದು ಎಲ್ಲರೂ ಊಟಕ್ಕೆ ಹೋದ ಮೇಲೆ. ಫಿಸಿಕ್ಸ್ ಲ್ಯಾಬಿನಲ್ಲಿ ಸ್ಟ್ಯಾಂಡಿನಿಂದ ಬಿಡಿಸಿ ಪೆಟ್ಟಿಗೆಗೆ ಇಡಲು ಹೋದೆ. ಕೈ ಬೆವೆತಿತ್ತು, ಜಾರಿತು. ಸಿಮೆಂಟು ನೆಲದ ಮೇಲೆ ಮೂರು ಚೂರು. ನಮ್ಮ ಲೆಕ್ಚರರ್ ಅರುಣ್‌ಕುಮಾರ್ ಸರ್ ಬೈಯುವವರೇನಲ್ಲ. ಆದರೂ ಅವರ ಮುಂದೆ ನಿಂತು "ಸರ್, ಒಡೆದುಹೋಯ್ತು" ಎನ್ನುವ ಎರಡು ಮಾತು ನನ್ನಿಂದ ಹೊರಡಲಿಲ್ಲ.

ಚೂರುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡ್ ಪಕ್ಕದ ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಐದರ ಪವರ್ ಕಣಮ್ಮ. ನನ್ನ ಹತ್ರ ನಾಲ್ಕು ಐತೆ. ಐದೇ ಬೇಕು ಅಂದ್ರೆ ಹಾಸನದಿಂದ ಬರಬೇಕು, ಒಂದು ವಾರ."

ಒಂದು ವಾರ ಪೆಟ್ಟಿಗೆ ಖಾಲಿ ಇಡುವ ಧೈರ್ಯ ನನಗಿರಲಿಲ್ಲ. ನಾಲ್ಕನ್ನೇ ಅದೇ ಅಳತೆಗೆ ಅಂಚು ಉಜ್ಜಿಸಿ ತಂದು, ಮಾರನೇ ದಿನ ಮೂರನೇ ನಂಬರಿನ ಪೆಟ್ಟಿಗೆಯೊಳಗೆ ಇಟ್ಟೆ. ದೂರದ ಮರವೊಂದರ ಬಿಂಬ ಲೆನ್ಸಿನಿಂದ ಎಷ್ಟು ದೂರದಲ್ಲಿ ಚೊಕ್ಕವಾಗಿ ಮೂಡುತ್ತದೋ, ಅದು ಆ ಲೆನ್ಸಿನ ಫೋಕಲ್ ಲೆಂಗ್ತ್. ಐದರ ಪವರಿಗೆ ಇಪ್ಪತ್ತು ಸೆಂಟಿಮೀಟರ್, ನಾಲ್ಕರದಕ್ಕೆ ಇಪ್ಪತ್ತೈದು. ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ, ಆ ವಾರ ಅದೇ ಪಾಠ ನಡೀತಿತ್ತು.

ಆವತ್ತಿನ ಡೈರಿಯಲ್ಲಿ ಒಂದೇ ಸಾಲು ಇದೆ. 'ಯಾರಿಗೂ ಗೊತ್ತಾಗಲಿಲ್ಲ.'

ಗೊತ್ತಾಗುವುದಾದರೂ ಹೇಗೆ? ನಮ್ಮಲ್ಲಿ ಯಾರೂ ಅಳೆಯುವುದಿಲ್ಲ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಜೂನಿಯರ್‌ಗಳ ಕೈಗೆ ಬರುತ್ತದೆ, ಅದರಲ್ಲಿರುವ ರೀಡಿಂಗನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಲೆನ್ಸಿನಿಂದ ದೀಪ ಮೂವತ್ತರಲ್ಲಿದ್ದರೆ ಬಿಂಬ ಅರವತ್ತಕ್ಕೆ, ನಲವತ್ತರಲ್ಲಿದ್ದರೆ ನಲವತ್ತಕ್ಕೆ. ಪರೀಕ್ಷೆಯ ದಿನ ದೀಪ ಹಚ್ಚಿ, ಪರದೆಯನ್ನು ನಾಲ್ಕು ಸಲ ಹಿಂದೆ ಮುಂದೆ ಸರಿಸಿದಂತೆ ಮಾಡಿ, ಅದನ್ನೇ ಬರೆದು ಎದ್ದುಬರುತ್ತಾರೆ. ಬೀರುವಿನ ಬಾಗಿಲ ಒಳಗಡೆ ಸರ್ ಅಂಟಿಸಿದ ಪಟ್ಟಿ ಇದೆ, ಯಾವ ಲೆನ್ಸಿಗೆ ಎಷ್ಟು ಬರಬೇಕು ಎಂದು. ಮೂರನೇ ನಂಬರಿನ ಎದುರು ಇಪ್ಪತ್ತು.

ಬಿ.ಎಸ್ಸಿ. ಮುಗಿಸಿ ಹಳೇಬೀಡಿನ ಮನೆಯಲ್ಲಿದ್ದೆ. ಹೋದ ಡಿಸೆಂಬರಿನಲ್ಲಿ ಅರುಣ್‌ಕುಮಾರ್ ಸರ್ ಅಪ್ಪನಿಗೆ ಫೋನ್ ಮಾಡಿ, ಪ್ರಾಕ್ಟಿಕಲ್ ಮುಗಿಯುವವರೆಗೆ ಲ್ಯಾಬಿಗೆ ಒಬ್ಬರು ಬೇಕು, ಶಿಲ್ಪಾನ ಕಳಿಸ್ತೀರಾ ಎಂದು ಕೇಳಿದರು. ಕೊಬ್ಬರಿ ಅಂಗಡಿಯಲ್ಲಿ ಕೂತೇ ಅಪ್ಪ ಒಪ್ಪಿಕೊಂಡುಬಿಟ್ಟರು. "ನಾಲ್ಕು ಜನರ ಜೊತೆ ಮಾತಾಡೋದಾದ್ರೂ ಕಲೀಲಿ" ಅಂದದ್ದು ನನಗೂ ಕೇಳಿಸಿತು. ಲ್ಯಾಬಿಗೆ ಕಾಲಿಟ್ಟ ದಿನವೇ ಮೂರನೇ ಪೆಟ್ಟಿಗೆಯನ್ನು ಬೀರುವಿನ ಹಿಂಬದಿಗೆ ತಳ್ಳಿದೆ.

ಹೇಮಾಶ್ರೀ ಗೊತ್ತಾದದ್ದು ಅಲ್ಲಿ. ಸೆಕೆಂಡ್ ಪಿಯುಸಿ ಹುಡುಗಿ, ಹಳೇಬೀಡಿನ ಆಚೆಯ ಹಳ್ಳಿಯವಳು, ರಾಗಿ, ತೆಂಗು ಇರುವ ಮನೆ. ಮೊದಲ ದಿನವೇ ಲೆನ್ಸನ್ನು ಕಿಟಕಿಯತ್ತ ಹಿಡಿದು, ಹೊರಗಿನ ತೆಂಗಿನಮರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಇಳಿಸಿ, ಸ್ಕೇಲು ಕೇಳಿದಳು.

"ನಮ್ಮಜ್ಜಿ ಕನ್ನಡಕದಲ್ಲೂ ಹಿಂಗೇ ಮಾಡ್ತೀನಿ ಶಿಲ್ಪಕ್ಕ. ಕಣ್ಣಿನ ಕ್ಯಾಂಪಲ್ಲಿ ಕೊಟ್ಟಿದ್ದು. ಕೊಟ್ಟಿಗೆ ಎಮ್ಮೆ ಗೋಡೆ ಮೇಲೆ ಕಾಲ್ ಮೇಲಾಗಿ ನಿಂತ್ಕತೈತೆ. ಅಜ್ಜಿ ಮಾತ್ರ ಬೈತದೆ, ಎಮ್ಮೆಗೆ ದೃಷ್ಟಿ ಆಗ್ತದಂತೆ."

ಅವಳ ಕ್ಲಾಸಿನ ಮಧುಕುಮಾರ್ ನಕ್ಕ. "ಲೇ ಹೇಮಾ, ನೀನು ಮರ ನೋಡ್ತಾ ಕೂತ್ರೆ ನಾಲ್ಕೂವರೆ ಬಸ್ಸು ನಿನ್ನ ನೋಡ್ದಂಗೇ ಹೋಗ್ತದೆ. ರೀಡಿಂಗ್ ಬರ್ಕೊಳೆ."

"ನಿಂಗೆ ಕಂಡದ್ದು ನೀನು ಬರ್ಕೊ."

"ನಂಗೇನೂ ಕಾಣಲ್ಲ. ಅದಕ್ಕೇ ಸೀನಿಯರ್ ಪುಸ್ತಕ ಇರೋದು."

ಮೈಸೂರಿನಲ್ಲಿ ಪದವಿ, ಬಿ.ಎಡ್. ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸು ಇದೆಯೆಂದು ಎಲ್ಲೋ ಓದಿದ್ದಳು. ಪ್ರವೇಶ ಪರೀಕ್ಷೆ ಬರೆಯಬೇಕು, ಪಿಯುಸಿ ಅಂಕವೂ ಬೇಕು. ಫಿಸಿಕ್ಸ್ ಟೀಚರ್ ಆಗುತ್ತೇನೆ ಅನ್ನುತ್ತಿದ್ದಳು. ಆ ಮಾತನ್ನು ಅವಳು ಬಸ್ಸಿನ ಹೊತ್ತು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಅವರಮ್ಮ ಅನುಸೂಯಮ್ಮ ಸೀಟು ಸಿಕ್ಕರೆ ಮಾಲೇಕಲ್ಲು ಬೆಟ್ಟ ಹತ್ತುವುದಾಗಿ ಹರಕೆ ಹೊತ್ತಿದ್ದರು. ಎರಡು ತಿಂಗಳು ದಿನಾ ಸಂಜೆ ಒಂದೇ ಬಸ್ಸಿನಲ್ಲಿ ಬಂದೆವು. ನಾನು ಅವಳಿಗೆ ಹೇಳಿಕೊಟ್ಟದ್ದು ಹೆಚ್ಚೇನೂ ಇಲ್ಲ. "ಪುಸ್ತಕ ನೋಡಬೇಡ, ಕಣ್ಣಿಗೆ ಕಂಡದ್ದನ್ನ ಬರಿ" ಅಂದಿದ್ದೆ.

ಫೆಬ್ರವರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನ ಪರೀಕ್ಷಕರು ಅರಸೀಕೆರೆ ಕಡೆಯಿಂದ ಬಂದಿದ್ದರು, ವಯಸ್ಸಾದವರು, ಮೆತ್ತಗಿನ ಮಾತು. ಚೀಟಿ ಎತ್ತಿದಾಗ ಹೇಮಾಶ್ರೀಗೂ ಮಧುಕುಮಾರನಿಗೂ ಲೆನ್ಸೇ ಬಂತು. ಹೊರಗೆ ಇಟ್ಟಿದ್ದದ್ದು ಒಂದೇ ಪೆಟ್ಟಿಗೆ, ಒಂದನೇ ನಂಬರಿನದು. ಅದು ಮಧುಕುಮಾರನ ಪಾಲಾಯಿತು. ನಾನು ಎರಡನೆಯದನ್ನು ಹುಡುಕುವಷ್ಟರಲ್ಲಿ ಸರ್ ಬೀರುವಿಗೆ ಕೈ ಹಾಕಿ, "ಇಲ್ಲೇ ಇದೆಯಲ್ಲ" ಎಂದು ಹಿಂಬದಿಯ ಪೆಟ್ಟಿಗೆ ಎಳೆದುಕೊಟ್ಟರು. ಮುಚ್ಚಳದ ಮೇಲೆ ಮೂರು ಎಂದು ನನ್ನ ಕಾಲದ ಇಂಕಿನಲ್ಲೇ ಇತ್ತು.

ಅವಳು ಶ್ರದ್ಧೆಯಿಂದ ಅಳೆದಳು. ದೀಪ ಐವತ್ತರಲ್ಲಿ ಇಟ್ಟಾಗ ಬಿಂಬ ಐವತ್ತಕ್ಕೆ ಬಂತು.

"ಎಷ್ಟು ಬಂತಮ್ಮ?" ಪರೀಕ್ಷಕರು ಕೇಳಿದರು.

"ಇಪ್ಪತ್ತೈದು ಸರ್."

ಅವರು ಬೀರುವಿನ ಪಟ್ಟಿ ನೋಡಿದರು. "ಇಪ್ಪತ್ತು ಬರಬೇಕಲ್ಲ. ಎಲ್ಲೋ ತಪ್ಪಿದೀಯ. ಗಾಬರಿ ಬೇಡ, ಇನ್ನೊಂದ್ಸಲ ನೋಡು."

ಮತ್ತೆ ಇಪ್ಪತ್ತೈದು. ಮೂರನೇ ಸಲವೂ ಇಪ್ಪತ್ತೈದು. ಅಷ್ಟರಲ್ಲಿ ಮಧುಕುಮಾರ್ ಬರೆದು ಮುಗಿಸಿ ಪೆನ್ನಿನ ಕ್ಯಾಪ್ ಹಾಕುತ್ತಿದ್ದ. ಅವಳ ಬೆಂಚಿನ ಕಡೆ ಬಾಗಿ ಪಿಸುಗುಟ್ಟಿದ. "ಇಪ್ಪತ್ತು ಅಂತ ಬರ್ದು ಎದ್ದೋಗೆ. ಲೆನ್ಸೇನು ನಿನ್ ಮೇಲೆ ಕೇಸ್ ಹಾಕ್ತದಾ?"

ಹೇಮಾಶ್ರೀ ನನ್ನ ಕಡೆ ತಿರುಗಿದಳು. ನಾನು ಬೀರುವಿನ ಪಕ್ಕ, ಕೈಯಲ್ಲಿ ವೈರಿನ ಸುರುಳಿ ಹಿಡಿದು ನಿಂತಿದ್ದೆ.

"ಶಿಲ್ಪಕ್ಕ, ಈ ಸ್ಕೇಲು ಸರಿ ಐತಾ?"

ಸರ್ ನನ್ನನ್ನು ನೋಡಿದರು. ಪರೀಕ್ಷಕರೂ ನೋಡಿದರು. ಲೆನ್ಸು ಬದಲಾಗಿದೆ ಸರ್, ನಾನೇ ಬದಲಾಯಿಸಿದ್ದು. ಇಷ್ಟೇ ಹೇಳಬೇಕಾಗಿತ್ತು.

"ಸ್ಕೇಲು ಸರಿ ಇದೆ" ಅಂದೆ.

ಅಷ್ಟೇ ಹೇಳಿದೆ. ಅದರಲ್ಲಿ ಸುಳ್ಳೂ ಇರಲಿಲ್ಲ.

ಅವಳು ಮತ್ತೊಮ್ಮೆ ಪರದೆಗೆ ಬಾಗಿ ನೋಡಿದಳು. ಕಣ್ಣುಜ್ಜಿಕೊಂಡಳು. ಆಮೇಲೆ ಕೊನೆಯ ಸಾಲಿನ ಇಪ್ಪತ್ತೈದರ ಮೇಲೆ ಗೆರೆ ಎಳೆದು ಇಪ್ಪತ್ತು ಎಂದು ಬರೆದಳು. ಮೇಲಿನ ರೀಡಿಂಗುಗಳೆಲ್ಲ ಇಪ್ಪತ್ತೈದನ್ನೇ ಹೇಳುತ್ತಿದ್ದವು. ಪರೀಕ್ಷಕರು ಹಾಳೆ ನೋಡಿ ಬೇಸರ ಮಾಡಿಕೊಂಡರು. "ಅಳೆದದ್ದೊಂದು, ಬರೆದದ್ದೊಂದು. ಇದು ಸರಿಯಲ್ಲಮ್ಮ." ಮೂವತ್ತಕ್ಕೆ ಹದಿನೆಂಟು ಕೊಟ್ಟರು. ಮಧುಕುಮಾರನಿಗೆ ಇಪ್ಪತ್ತೊಂಬತ್ತು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಈಗ ಹೇಳೋಣ, ಊರು ಬರುವ ಮೊದಲು ಹೇಳೋಣ ಅಂದುಕೊಳ್ಳುತ್ತಲೇ ಇದ್ದೆ. ಹಳೇಬೀಡು ಬಂತು, ಇಳಿದೆ. ಅವಳು "ಬತ್ತೀನಿ ಅಕ್ಕ" ಅಂದಳು, ಬಸ್ಸು ಮುಂದೆ ಹೋಯಿತು.

ಆವತ್ತಿಗೇ ನನ್ನ ಕೆಲಸವೂ ಮುಗಿದಿತ್ತು. ಮಾರ್ಚ್‌ನಲ್ಲಿ ಥಿಯರಿ ಪರೀಕ್ಷೆ, ಏಪ್ರಿಲ್‌ನಲ್ಲಿ ರಿಸಲ್ಟು. ಫಿಸಿಕ್ಸ್‌ನಲ್ಲಿ ಅವಳಿಗೆ ಪಾಸಾಗುವಷ್ಟು ಬಂದಿತ್ತು, ಅಷ್ಟೇ. ಉಳಿದದ್ದರಲ್ಲೆಲ್ಲ ತೊಂಬತ್ತರ ಮೇಲೆ. ಅನುಸೂಯಮ್ಮ ನಮ್ಮ ಅಂಗಡಿಗೇ ಹುಡುಕಿಕೊಂಡು ಬಂದರು.

"ಯಾರೋ ಕೂಡೋದ್ರಲ್ಲಿ ತಪ್ಪವ್ರೆ ಕಣವ್ವ. ಪೇಪರು ತರಿಸಿ ನೋಡ್ಬೌದಂತಲ್ಲ, ನೀನೇ ನೋಡು. ಅವಳು ಬ್ಯಾಡ ಅಂತಾಳೆ. ಊಟಕ್ಕೂ ಸರಿಯಾಗಿ ಕೂರಲ್ಲ."

ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿದೆ. ಬಂದ ದಿನ ಪ್ರಿಂಟ್ ತೆಗೆಸಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೊಬ್ಬರಿ ಚೀಲಗಳ ನಡುವೆ ಕೂತು ಓದಿದೆ. ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಐದಂಕದ ಲೆಕ್ಕ ಎರಡು, ಎರಡನ್ನೂ ಸರಿಯಾಗಿ ಮಾಡಿದ್ದಳು. ಎರಡರ ಮೇಲೂ ಅಡ್ಡಗೆರೆ ಎಳೆದು, ಕೆಳಗೆ ಬೇರೇನೋ ಬರೆದು, ಅದನ್ನೂ ಹೊಡೆದುಹಾಕಿದ್ದಳು. ಪುಟದಿಂದ ಪುಟಕ್ಕೆ ಹಾಗೇ. ಸರಿಯಾದ ಉತ್ತರ, ಅದರ ಮೇಲೆ ಗೆರೆ. ಸ್ಕೇಲಿಟ್ಟು ನೇರವಾಗಿ ಎಳೆದ ಗೆರೆ.

ಮಾರನೇ ದಿನ ಬೇಲೂರಿಗೆ ಹೋಗಿ ಅರುಣ್‌ಕುಮಾರ್ ಸರ್‌ಗೆ ಎಲ್ಲ ಹೇಳಿದೆ. ನಿಂತುಕೊಂಡೇ, ಒಂದೇ ಉಸಿರಿಗೆ. ಆರು ವರ್ಷ ಆಗದೇ ಇದ್ದದ್ದು ಮೂರು ನಿಮಿಷದಲ್ಲಿ ಮುಗಿಯಿತು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆವತ್ತು ನನ್ನ ಕಿವೀಲಿ ಹೇಳಿದ್ರೂ ಸಾಕಿತ್ತಲ್ಲಮ್ಮ. ಅಂಕ ಕಳಿಸಿ ಮೂರು ತಿಂಗಳಾಯ್ತು. ಈಗ ಯಾರನ್ನ ಕೇಳೋದು?" ಎದ್ದು ಹೋಗಿ ಬೀರು ತೆಗೆದು, ಪಟ್ಟಿಯಲ್ಲಿ ಇಪ್ಪತ್ತನ್ನು ಹೊಡೆದು ಇಪ್ಪತ್ತೈದು ಎಂದು ಬರೆದರು. "ಆರು ವರ್ಷ ಒಬ್ರೂ ಅಳೀಲಿಲ್ಲ ಅಂದ್ರೆ, ಅದು ನನ್ನ ತಪ್ಪೂ ಹೌದು" ಅಂದರು.

ಅಲ್ಲಿಂದ ನೇರ ಹೇಮಾಶ್ರೀಯ ಊರಿಗೆ ಹೋದೆ. ಮೈಸೂರಿನ ಪ್ರವೇಶ ಪರೀಕ್ಷೆಗೆ ಇನ್ನೂ ನಾಲ್ಕು ದಿನವಿತ್ತು. ಅವಳು ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಅಜ್ಜಿ ಹುಚ್ಚಮ್ಮ ಕಂಬಕ್ಕೆ ಒರಗಿದ್ದರು. ನಾನು ಹೇಳುತ್ತ ಹೋದೆ. ಮೊರದ ಸದ್ದು ನಡುವೆ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು.

"ಹಂಗಾರೆ ನಂದು ಸರಿ ಇತ್ತು" ಅಂದಳು, ಕೊನೆಗೆ.

"ಸರಿ ಇತ್ತು."

"ಸ್ಕೇಲು ಸರಿ ಇದೆ ಅಂದ್ರಿ ನೀವು. ಸ್ಕೇಲು ಸರಿ ಇದ್ರೆ ನನ್ ಕಣ್ಣೇ ಸರಿ ಇಲ್ಲ ಅಂದ್ಕಂಡೆ. ಆಮೇಲೆ ಏನ್ ಬರೆದ್ರೂ ತಪ್ಪು ಅನ್ಸೋದು."

"ಪಿಯುಸಿ ಪರೀಕ್ಷೆ ಇನ್ನೊಂದ್ಸಲ ಬರೀಬಹುದು ಹೇಮಾ. ಮೈಸೂರಿಗೆ ನಾನೇ ಕರ್ಕೊಂಡು ಹೋಗ್ತೀನಿ. ಹಾಲ್ ಟಿಕೆಟ್ ಬಂದಿದೆಯಲ್ಲ?"

"ಬಂದೈತೆ." ಮೊರದ ಅಂಚಿಗೆ ಬಂದ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. "ಬೇಲೂರಲ್ಲಿ ಬಿ.ಎ.ಗೆ ಹೆಸರು ಕೊಟ್ಟಾಯ್ತು ಅಕ್ಕ. ಅಲ್ಲಿ ಅಳೆಯೋದೇನೂ ಇರಲ್ಲ."

"ನೀನು ಅಳೆದದ್ದು ಸರಿಯಾಗೇ ಇತ್ತಲ್ಲ."

"ಈಗ ಗೊತ್ತಾಯ್ತು. ಆದ್ರೆ ಮೈಸೂರಲ್ಲಿ ಪರೀಕ್ಷೆಗೆ ಕೂತಾಗ ಮತ್ತೆ ಹಂಗೇ ಅನ್ಸಿದ್ರೆ?"

ಇನ್ನೊಂದು ಕಲ್ಲು ಆರಿಸುತ್ತ ಅವಳೇ ಕೇಳಿದಳು. "ಪಟ್ಟೀಲಿ ಈಗ ಎಷ್ಟಂತ ಐತೆ?"

"ಇಪ್ಪತ್ತೈದು."

"ಹಂಗಾರೆ ಈ ಸಲದವ್ರು ಇಪ್ಪತ್ತೈದು ಅಂತ ಬಾಯಿಪಾಠ ಮಾಡ್ತಾರೆ" ಅಂದಳು. ನಗುತ್ತಾಳೇನೋ ಅಂದುಕೊಂಡೆ. ನಗಲಿಲ್ಲ.

ಹುಚ್ಚಮ್ಮನಿಗೆ ನಮ್ಮ ಮಾತು ಎಷ್ಟು ಕೇಳಿಸಿತೋ. ಮೊಮ್ಮಗಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ದಪ್ಪ ಗಾಜಿನ ಕನ್ನಡಕ ತೆಗೆದು ಅವಳ ಮುಂದೆ ಹಿಡಿದರು.

"ತಗಳೆ. ಎಮ್ಮೆ ತೋರ್ಸು ಈ ಅಕ್ಕಂಗೆ. ನಾನೇನೂ ಬಯ್ಯಕಿಲ್ಲ."

ಎಮ್ಮೆ ಕೊಟ್ಟಿಗೆಯ ಬಾಗಿಲಲ್ಲೇ ಬಿಸಿಲಿಗೆ ನಿಂತಿತ್ತು. ಜಗಲಿಯ ಗೋಡೆ ಬೆಳ್ಳಗೆ ಖಾಲಿ ಇತ್ತು. ಹೇಮಾಶ್ರೀ ಮೊರ ಕೆಳಗಿಟ್ಟು ಕನ್ನಡಕ ಇಸಿದುಕೊಂಡಳು. ದುಪಟ್ಟಾದ ತುದಿಯಿಂದ ಎರಡೂ ಗಾಜನ್ನು ನಿಧಾನವಾಗಿ ಒರೆಸಿದಳು. ಒಂದು ಗಳಿಗೆ ಅದನ್ನು ಎಮ್ಮೆಯ ಕಡೆ ಎತ್ತಿ ಹಿಡಿಯುತ್ತಾಳೆ ಅಂದುಕೊಂಡೆ. ಅವಳು ಅಜ್ಜಿಯ ಕಡೆ ಬಾಗಿ, ಕಡ್ಡಿಗಳನ್ನು ಎರಡೂ ಕಿವಿಗೆ ಸಿಕ್ಕಿಸಿ, ಮತ್ತೆ ಮೊರ ಎತ್ತಿಕೊಂಡಳು.